ಎಡಕ್ಕೊಂದು ನೋಟ

ಕಟಿಂಗ್ ಶಾಪಿನ ಮಾಸ್ಟರು ಎಂಥವರ ತಲೆಯನ್ನೂ ಎರಡೇ ಬೆರಳಲ್ಲಿ ಬೇಕಾದ ಕಡೆಗೆ ತಿರುಗಿಸುವವರು. ಆದರೆ ಮನೆಯಲ್ಲಿ ನಾಲ್ಕು ತಿಂಗಳ ಮಗ ಮಾತ್ರ ಬಲಕ್ಕೆ ತಿರುಗಿದವನು ಎಡಕ್ಕೆ ತಿರುಗಲೊಲ್ಲ. ಮಲಗಿ ಮಲಗಿ ತಲೆಯ ಹಿಂದೆ ಬಲಭಾಗ ಚಪ್ಪಟೆಯಾಗಿತ್ತು.

"ಭಯ ಏನಿಲ್ಲ" ಅಂದಿದ್ದರು ನರ್ಸಮ್ಮ. "ಮಲಗಿಸೋದು ಅಂಗಾತವೇ, ದಿಂಬು ಗಿಂಬು ಬೇಡ. ಎಚ್ಚರ ಇದ್ದಾಗ ಬೋರಲು ಹಾಕಿ, ಎಡಗಡೆಯಿಂದ ಕರೀರಿ. ಕತ್ತು ಹಿಡಿದು ತಿರುಗಿಸ್ಬೇಡಿ, ಅವನಾಗೇ ತಿರುಗ್ಬೇಕು."

ಅಲ್ಲಿಗೆ ಮಾಸ್ಟರ ಎರಡು ಬೆರಳಿಗೆ ಕೆಲಸವಿಲ್ಲದಾಯಿತು.

ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಡುತ್ತಾ, "ಸಂಜೆಯೊಳಗೆ ಒಂದ್ಸಲ ಎಡಕ್ಕೆ ನೋಡಿದ್ರೆ ಸರಿ. ಇಲ್ಲಾಂದ್ರೆ ನಿಮ್ಮಕ್ಕನ್ನ ಕರೆಸೋಣ. ಅವರಂತೂ ತುದಿಗಾಲಲ್ಲಿ ನಿಂತಿದಾರೆ" ಎಂದಳು.

ಅಕ್ಕ ಬಂದರೆ ಮನೆ ಅವಳದೇ. ಅವಳೆದುರು ಮಾಸ್ಟರಿಗೆ ಬಾಯಿ ಕಟ್ಟಿಹೋಗುತ್ತದೆ, ತಲೆಯಾಡಿಸುವುದಷ್ಟೇ ಗತಿ.

"ಊರ ತಲೆಗಳನ್ನೆಲ್ಲ ತಿರುಗಿಸಿದೋನು ನಾನು. ನೀನು ಹೋಗಿ ಬಾ!"

ಅಂಗಡಿಗೆ ರಜೆ ಹಾಕಿ, ಚಾಪೆಯ ಮೇಲೆ ಮಗನನ್ನು ಬೋರಲು ಹಾಕಿದರು. ತಾವೂ ಅವನ ಎಡಕ್ಕೆ ಬೋರಲು ಬಿದ್ದು, ಕತ್ತು ಹೊರಳಿಸಿ, "ಚಿನ್ನಾ, ಇಲ್ನೋಡೋ" ಎಂದು ಬಾಚಣಿಗೆ ಟಕಟಕಿಸಿದರು. ಮಗ ಇನ್ನೇನು ತಿರುಗಬೇಕು, ಬಲಗಡೆಯ ಬಾಗಿಲಲ್ಲಿ ಇಸ್ತ್ರಿಯವನು ಬಂದು ನಿಂತ. "ಏನ್ ಮಾಸ್ಟ್ರೇ, ಈಜು ಕಲಿಸ್ತಿದೀರಾ?"

ಮಗನ ತಲೆ ಬಲಕ್ಕೆ!

ಮಾಸ್ಟರು ಸೋಲುವವರೇ? ಬಾಗಿಲು ಎಡಕ್ಕೆ ಬರುವಂತೆ ಚಾಪೆಯನ್ನೇ ತಿರುಗಿಸಿದರು. ಇನ್ನು ಯಾರಾದರೂ ಬರಲಿ ಎಂದು ಕಾದರು. ಬಂದರು ಮಹಡಿಮನೆ ಅಜ್ಜಿ, ಆದರೆ ಅಡುಗೆಮನೆಯ ಹಿಂಬಾಗಿಲಿಂದ. ಅದು ಈಗ ಬಲಕ್ಕಿತ್ತು. "ನಮ್ಮ ಕಾಲದಲ್ಲಿ ಎಷ್ಟು ಮಕ್ಕಳ ತಲೆ ನೋಡಿಲ್ಲ..." ಎಂದು ಅಜ್ಜಿ ಅರ್ಧ ಗಂಟೆ ಮಾತಾಡಿದರು. ಮಗ ಅಷ್ಟು ಹೊತ್ತೂ ಅವರನ್ನೇ ನೋಡಿದ.

ಮಧ್ಯಾಹ್ನ ಬಾಗಿಲು ಎಡಕ್ಕೇ ಬರುವಂತೆ ಅಂಗಾತ ಮಲಗಿಸಿದಾಗ ಮಗ ನಿದ್ದೆ ಹೋದ. ಮಾಸ್ಟರು ಪಕ್ಕದಲ್ಲೇ, ಕತ್ತು ಹೊರಳಿಸಿಕೊಂಡಂತೆಯೇ ಮಂಪರಿಗೆ ಜಾರಿದರು. ಮತ್ತೆ ಇಣುಕಿದ ಅಜ್ಜಿ ಗಾಬರಿಯಿಂದ ಅಕ್ಕನಿಗೆ ಫೋನ್ ಮಾಡಿದರು: "ನಿಮ್ಮ ತಮ್ಮ ಬೆಳಿಗ್ಗೆ ನೆಲಕ್ಕೆ ಬಿದ್ದೋರು ಇನ್ನೂ ಎದ್ದಿಲ್ಲಮ್ಮಾ!"

"ಅಯ್ಯೋ, ಏನಾಯ್ತೋ ನಿಂಗೆ!" ಎಂದು ಸಂಜೆ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತ ಅಕ್ಕ ಕೂಗಿದ್ದಕ್ಕೆ ಮಾಸ್ಟರಿಗೆ ಎಚ್ಚರವಾಯಿತು. ಮಗನಿಗೂ ಎಚ್ಚರವಾಯಿತು. ಅವನು ಬಾಗಿಲ ಕಡೆ, ಎಡಕ್ಕೆ, ಪೂರ್ತಿ ಎಡಕ್ಕೆ ತಿರುಗಿ ಬೊಚ್ಚುಬಾಯಿ ಬಿಟ್ಟು ನಕ್ಕ.

ಅಷ್ಟರಲ್ಲಿ ಬಂದ ಹೆಂಡತಿ ಕುಣಿದಾಡಿದಳು. "ಅತ್ತಿಗೆ ದನಿಗೇ ತಿರುಗ್ದ ನೋಡ್ರೀ!"

"ಹಾಗಾದ್ರೆ ತಲೆ ದುಂಡಗಾಗೋವರೆಗೂ ಇದ್ದೇ ಹೋಗ್ತೀನಿ. ಏನಂತೀಯೋ?" ಎಂದಳು ಅಕ್ಕ.

ಮಾಸ್ಟರು ಎದ್ದು ಕೂತು, ಬೇಡವೆಂದು ಜೋರಾಗಿ ತಲೆಯಾಡಿಸಹೋದರು. ಹಿಡಿದುಕೊಂಡ ಕತ್ತು ಅತ್ತಿತ್ತ ಕದಲಲಿಲ್ಲ. ನೋವಿಗೆ ಅದು ಆಡಿದ್ದು ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ, ಕೆಳಕ್ಕೆ.

"ನೋಡು, ಎಷ್ಟು ಸಲ ಹೂಂ ಅಂತಾನೆ ಪಾಪ" ಎಂದು ಅಕ್ಕ ಬ್ಯಾಗನ್ನು ಒಳಗಿಟ್ಟಳು.