ಮಗದೂಮರ ಕಂಠಕ್ಕೆ ಬಂದ ಪ್ರಶಂಸೆ

ಪಾರ್ಶ್ವನಾಥ ಮಗದೂಮರಿಗೆ ಕನ್ನಡದಲ್ಲಿ ಮಾತಾಡಲು ಬರುತ್ತಿತ್ತು, ಜಗಳಾಡಲು ಬರುತ್ತಿತ್ತು, ಹಾಡಲಂತೂ ಬಹಳ ಚೆನ್ನಾಗಿ ಬರುತ್ತಿತ್ತೆಂದು ಅವರೇ ಹೇಳುತ್ತಿದ್ದರು. ಓದಲು ಮಾತ್ರ ಬರುತ್ತಿರಲಿಲ್ಲ. ಸಾಂಗಲಿ ಹತ್ತಿರದ ಹುಟ್ಟೂರು ಸಮಡೋಳಿಯ ಮರಾಠಿ ಶಾಲೆಯಲ್ಲಿ ಕಲಿತವರಿಗೆ ಅದು ಬರಬೇಕೆಂದು ಯಾರೂ ಅಂದುಕೊಂಡಿರಲೂ ಇಲ್ಲ. ಅರವತ್ತೊಂಬತ್ತು ವರ್ಷ ಅದರಿಂದ ಏನೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಸಾಂಗಲಿ, ಮಿರಜ, ಕುಪವಾಡ ಮೂರೂ ಕೂಡಿ ಒಂದೇ ಮಹಾನಗರಪಾಲಿಕೆಯಾದ ಆ ತೊಂಬತ್ತೆಂಟರ ಬೇಸಗೆಯಲ್ಲಿ, ಒಂದು ಮಂಗಳವಾರ ಬೆಳಿಗ್ಗೆ, ಅವರು ಅವಲಕ್ಕಿಯ ತಟ್ಟೆಗೆ ಕೈ ಹಾಕಿದ ಹೊತ್ತಿಗೆ.

ಊರುಗಳು ಕೂಡಿದ ಹುರುಪಿನಲ್ಲಿ ಮೂರೂ ಊರಿನ ನಾಟ್ಯ ಮಂಡಳಗಳೂ ಕೂಡಿದ್ದವು. ಮೊದಲು ಪ್ರತಿ ಮಂಡಳವೂ ವರ್ಷಕ್ಕೊಬ್ಬ ಹಳೆಯ ಕಲಾವಿದನಿಗೆ ಶಾಲು ಹೊದಿಸುತ್ತಿತ್ತು. ಈಗ ಮಂಡಳ ಒಂದು, ಶಾಲೂ ಒಂದು. ನಾಟಕ ನಮ್ಮದು ಎಂದು ಸಾಂಗಲಿಯವರು ಮಗದೂಮರ ಹೆಸರು ಕೊಟ್ಟರು. ಸಂಗೀತ ನಮ್ಮದು ಎಂದು ಮಿರಜದವರು ಹಾರ್ಮೋನಿಯಂ ಪೇಟಿ ಬಾರಿಸುವ ಗುರಲಿಂಗ ಮಾಸ್ತರರ ಹೆಸರು ಕೊಟ್ಟರು. ಕುಪವಾಡದವರು ಏನನ್ನೂ ವಾದಿಸಲಿಲ್ಲ. ಒಂದು ಅರ್ಜಿ ಮಾತ್ರ ಕಳಿಸಿದರು.

ಮಾಳಿಗೆಯ ಬಾಡಿಗೆದಾರ ಜಯಕುಮಾರ ಆ ಮಂಡಳದ ಚಿಟಣೀಸ, ಅಂದರೆ ಕಾರ್ಯದರ್ಶಿ. ಮೆಟ್ಟಿಲನ್ನು ಎರಡೆರಡು ಹಾರಿ ಇಳಿದು ಬಂದು ಬಾಗಿಲಲ್ಲಿ ನಿಂತ.

"ಕಾಕಾ, ಘಾತ ಆತು! ನಿಮ್ಮ ಶಾಲಿನ ಅರ್ಜಿಗೆ ಪುರಾವಾ ಬೇಕಂತ. ಪೇಪರದಾಗ ನಿಮ್ಮ ಸ್ತುತಿ ಬಂದಿತ್ತಲ್ಲ, ಅದನ್ನ ಇವತ್ತ ಐದ ಗಂಟೇದೊಳಗ ಕೊಡಬೇಕು."

"ಅಷ್ಟೇನಾ?" ಎಂದು ಮಗದೂಮರು ಕೈ ತೊಳೆದು ಒಳಗೆ ಹೋಗಿ, ತಗಡಿನ ಡಬ್ಬಿಯಿಂದ ನಾಲ್ಕು ಮಡಿಕೆಯ ಹಳದಿ ಕಾಗದವೊಂದನ್ನು ಹೂವಿನಂತೆ ಎತ್ತಿ ತಂದರು. ಐವತ್ನಾಲ್ಕನೇ ಇಸವಿಯ ಅಥಣಿಯ ಒಂದು ವಾರಪತ್ರಿಕೆಯ ತುಣುಕು. ಕಣ್ಣು ಮುಚ್ಚಿ ಬಾಯಿಪಾಠ ಒಪ್ಪಿಸಿದರು: "ಕಂಠವೆಂದರೆ ಮಗದೂಮರ ಕಂಠ. ಅದು ಮೇಲಿನ ಷಡ್ಜದಲ್ಲಿ ನಿಂತಾಗ ಗ್ಯಾಸಬತ್ತಿಯೂ ಸದ್ದು ನಿಲ್ಲಿಸಿತು, ಮಲಗಿದ ಕೂಸೂ ಎದ್ದು ಕೇಳಿತು."

ಈ ಮಾತು ಆ ಓಣಿಯ ಗಿಳಿಗೂ ಬರುತ್ತಿತ್ತು. ಮಗದೂಮರು ಜಕಾತಿ ನಾಕಾದಲ್ಲಿ ಮೂವತ್ತು ವರ್ಷ ಸುಂಕದ ಚೀಟಿ ಹರಿಯುವಾಗ ಅದನ್ನು ಕೇಳದೆ ಒಂದು ಲಾರಿಯೂ ದಾಟಿರಲಿಲ್ಲ.

"ಕಾಕಾ, ಇದು ಕಾನಡಿ ಐತಿ," ಎಂದ ಜಯಕುಮಾರ ಕಾಗದ ನೋಡಿ. "ಮರಾಠಿ ಭಾಷಾಂತರ ಜೋಡಸಬೇಕು. ನಿಮಗ ಬಾಯಿಪಾಠ ಬರತೈತಿ, ಹೇಳ್ರಿ, ಬರದ ಬಿಡತೇನಿ."

ಅಲ್ಲಿಗೆ ಮುಗಿಯಬೇಕಾದ ಕೆಲಸ. ಆದರೆ ಮಗದೂಮರು ಬೆರಳಿಟ್ಟು ಎಣಿಸಿದರು. ಕಾಗದದಲ್ಲಿ ಹನ್ನೊಂದು ಸಾಲು. ಅವರಿಗೆ ಬರುತ್ತಿದ್ದದ್ದು ನಾಲ್ಕು ಸಾಲಿನಷ್ಟು. ಆವತ್ತು ಓದಿ ಹೇಳಿದವರು "ಉಳದದ್ದೂ ಇಂಥಾದ್ದ ಐತಿ" ಎಂದು ಮಡಿಚಿ ಕೊಟ್ಟಿದ್ದರು.

"ಇನ್ನೂ ಏಳ ಸಾಲ ಸ್ತುತಿ ಐತಿ ಜಯಕುಮಾರ! ಅದನ್ನ ಯಾಕ ಬಿಡೂದು?"

"ಆವತ್ತ ಓದಿದವ್ರು ಯಾರು? ಅವರನ್ನ ಕೇಳೂಣಲ್ಲ."

ಮಗದೂಮರ ಮುಖ ಬಾಡಿತು. ಓದಿದವರು ಗುರಲಿಂಗ ಮಾಸ್ತರರೇ. ಶಾಲಿನ ವಿಷಯ ಎದ್ದಾಗಿನಿಂದ ಇಬ್ಬರೂ ಒಬ್ಬರಿಗೊಬ್ಬರು ಮುಖ ತೋರಿಸಿರಲಿಲ್ಲ. "ಅವನ ಕಡೆ ಹೋದ್ರ ಕಾಗದ ಹರದ ನುಂಗ್ಯಾನು," ಎಂದರು.

ಹೆಂಡತಿ ಚಂದ್ರಾಬಾಯಿ ಒಳಗಿನಿಂದಲೇ ಹೇಳಿದಳು: "ಏನ ಬರದಾರ ಗೊತ್ತಿಲ್ದ ನಲವತ್ತ ವರ್ಷ ಪೂಜಾ ಮಾಡ್ಯಾರ. ಇನ್ನೊಂದ ದಿನ ಮಾಡಿದ್ರ ಏನಾಗತೈತಿ? ಅವಲಕ್ಕಿ ತಿನ್ರಿ."

ಅವಲಕ್ಕಿ ಹಾಗೇ ಉಳಿಯಿತು. ಓಣಿಯಲ್ಲಿ ಕನ್ನಡ ಆಡುವವರು ಹನ್ನೆರಡು ಮನೆ, ಓದುವವರು ಒಬ್ಬರೂ ಇಲ್ಲ. ಒಬ್ಬರು ಕಾಗದವನ್ನು ತಲೆಕೆಳಗು ಹಿಡಿದು "ಅಕ್ಷರ ಭಾಳ ಛಲೋ ಅದಾವ" ಎಂದರು. ಕೊನೆಗೆ ಜಯಕುಮಾರನಿಗೆ ನೆನಪಾಯಿತು: ಕುಪವಾಡ ಎಂಐಡಿಸಿಯ ಕಾರ್ಖಾನೆಯಲ್ಲಿ ಲೇತ್ ನಡೆಸುವ ಲಗಮಣ್ಣ ವಿಜಾಪುರದ ಕಡೆಯವನು. ಸ್ಕೂಟರ್ ಹೊರಟಿತು. ಹಿಂದೆ ಕೂತ ಮಗದೂಮರು ಡಬ್ಬಿಯನ್ನು ಎದೆಗೆ ಅಪ್ಪಿಕೊಂಡಿದ್ದರು.

ಲಗಮಣ್ಣ ಕೈಯ ಎಣ್ಣೆ ಒರೆಸಿಕೊಂಡು, ಕಾಗದವನ್ನು ಮುಟ್ಟದೆ ಬಗ್ಗಿ ನೋಡಿದ. ಅವನು ಶಾಲೆ ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಸುತ್ತ ಆರೇಳು ಜನ ಕೆಲಸ ಬಿಟ್ಟು ನೆರೆದರು.

"ಮ್ಯಾಲಿನ ಅಕ್ಷರ ಅಳಿಸ್ಯಾವ್ರಿ. ಇಲ್ಲಿ ನಡುವ ನಿಮ್ಮ ಹೆಸರ ಕಾಣತೈತಿ. ಶ್ರೀ… ಮ… ಗ… ದೂ… ಮ… ರ… ಕಂ… ಠ…" ಲೇತಿನ ಜೋರು ಸದ್ದಿನ ಮೇಲೆ ಕೂಗಿ ಓದಿದ. "ಕ… ತ್ತ…" ಅಲ್ಲಿಗೆ ನಿಂತ. "ಮುಂದ ಮಡಿಕಿ ಹರದೈತ್ರಿ. ಕತ್ತಿ ಇರಬೇಕು."

"ಕತ್ತಿ!" ಮಗದೂಮರ ಎದೆ ಉಬ್ಬಿತು. "ಕತ್ತಿಯಂಥಾ ಧಾರ ಅಂತ! ಕೇಳಿದ್ರಲ್ಲ?"

ನೆರೆದವರು ಕೇಳಿದ್ದರು. ಆದರೆ ಆ ಸೀಮೆಯ ಮಾತಿನಲ್ಲಿ ಕೊಯ್ಯುವುದೂ ಕತ್ತಿ, ಒದೆಯುವುದೂ ಕತ್ತಿ. ಹಿಂದಿನಿಂದ ಯಾರೋ ಅಗಸರ ಕತ್ತಿ ಕೂಗಿದಂತೆ ಸಣ್ಣಗೆ ಕೂಗಿದರು. ಲಗಮಣ್ಣ ನಗು ತಡೆಯಲು ಲೇತಿನ ಕಡೆ ತಿರುಗಿದ.

ಮಾತು ಸ್ಕೂಟರಿಗಿಂತ ಜೋರಾಗಿ ಓಡುತ್ತದೆ. ಇವರು ವಿಶ್ರಾಮಬಾಗದ ಮೂಲೆಗೆ ಬರುವಷ್ಟರಲ್ಲಿ ಕಾಯಿಪಲ್ಲೆ ಮಾರುವ ಸಖುಬಾಯಿ ಕೈ ಮಾಡಿ ನಿಲ್ಲಿಸಿದಳು.

"ಕಾಕಾ, ಪೇಪರದಾಗ ನಿಮಗ ಕತ್ತಿ ಅಂದಾರಂತ ಖರೇನ? ಹೋಗಲಿ ಬಿಡ್ರಿ, ಮನಸಿಗೆ ಹಚ್ಚಗೋಬ್ಯಾಡ್ರಿ. ಕತ್ತಿನೂ ದೇವರ ಮಾಡಿದ್ದ."

"ಅದು ಬ್ಯಾರೆ ಕತ್ತಿ!" ಎಂದು ಮಗದೂಮರು ಚೀರಿದರು. ಆ ಚೀರಿದ ದನಿ ಅವರ ಪರವಾಗಿ ಸಾಕ್ಷಿ ಹೇಳುವಂತಿರಲಿಲ್ಲ. ಬಸ್ಸಿಗೆ ನಿಂತವರೆಲ್ಲ ತಿರುಗಿ ನೋಡಿದರು. "ಜಯಕುಮಾರ, ಮಿರಜಕ್ಕ ಹೊಡಿ. ಕಾನಡಿ ಶಾಳೇದ ಕೃಷ್ಣವ್ವ ಬಾಯಿ ಅದಾರಲ್ಲ, ನಿವೃತ್ತ ಆದಾವ್ರು. ಇದು ಕೊಯ್ಯೂ ಕತ್ತಿನೋ ಒದಿಯೂ ಕತ್ತಿನೋ ಅವರ ಹೇಳಬೇಕು."

ಮಿರಜದ ರಸ್ತೆಯ ಬಿಸಿಗಾಳಿಯಲ್ಲಿ ಅವರಿಗೆ ನಾಟಕ ಕಂಪನಿಯ ದಿನಗಳು ನೆನಪಾದವು. ಅದು ಎರಡು ನಾಲಿಗೆಯ ಕಂಪನಿ. ಸಾಂಗಲಿಯಲ್ಲಿ ಮರಾಠಿ ನಾಟಕ, ಅಥಣಿ, ಚಿಕ್ಕೋಡಿಯಲ್ಲಿ ಅದೇ ನಾಟಕ ಕನ್ನಡದಲ್ಲಿ. ಎತ್ತಿನ ಬಂಡಿಯಲ್ಲಿ ಪರದೆಗಳು, ಪರದೆಗಳ ಮೇಲೆ ರಾಜ, ರಾಣಿ, ಮಂತ್ರಿ ಮಲಗಿ ಬರುವರು. ಊರಿನ ಅಗಸಿ ಬಾಗಿಲಲ್ಲೇ ಹೆಂಗಸರು ಕೇಳುವರು: "ಹಾಡಾಂವ ಯಾವನೋ?" ಮುಖಕ್ಕೆ ಹಚ್ಚಿದ ಸಫೇತಿಯ ವಾಸನೆ, ಹೊಸ ಚಾಪೆಯ ವಾಸನೆ, ಪೇಟಿಯಿಂದ ಹೊರಡುವ ಮೊದಲ ಸ್ವರ. ಆ ಸ್ವರ ಕೇಳಿದ ಕೂಡಲೇ ಹೊಟ್ಟೆಯ ಹಸಿವೂ ಮರೆಯುತ್ತಿತ್ತು.

ಐವತ್ತಾರರಲ್ಲಿ ಪ್ರಾಂತಗಳು ಹಂಚಿಹೋದಾಗ ಕಂಪನಿಯೂ ಹಂಚಿಹೋಯಿತು. ಅರಮನೆಯ ಪರದೆ ಮೈಸೂರು ರಾಜ್ಯದ ಪಾಲಿಗೆ ಹೋಯಿತು, ಕಾಡಿನ ಪರದೆ ಮುಂಬಯಿ ರಾಜ್ಯದಲ್ಲಿ ಉಳಿಯಿತು. ಇತ್ತ ಉಳಿದವರ ನಾಟಕದಲ್ಲಿ ರಾಜ ಆರು ತಿಂಗಳು ಕಾಡಿನಲ್ಲೇ ದರಬಾರು ನಡೆಸಿದ. ಆಮೇಲೆ ನೋಡಲು ಯಾರೂ ಬರಲಿಲ್ಲ. ಮಗದೂಮರು ನಾಕಾ ಸೇರಿದರು. ಉಳಿದದ್ದು ಈ ಕಾಗದ ಒಂದೇ.

ಕೃಷ್ಣವ್ವ ಬಾಯಿ ದಪ್ಪ ಕನ್ನಡಕ ಹಾಕಿಕೊಂಡು, ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸದೆ ಪೂರ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು ಮಗದೂಮರ ಮುಖ ನೋಡಿದರು.

"ನೀರ ಕುಡೀತೀರೇನ್ರಿ?"

"ಮೊದಲ ಓದ್ರಿ ಬಾಯಿಯವರ."

ಅವರು ಓದಿದರು: "'ಪೇಟಿಯೆಂದರೆ ಗುರಲಿಂಗನವರ ಪೇಟಿ. ಅದು ಮೇಲಿನ ಷಡ್ಜದಲ್ಲಿ ನಿಂತಾಗ ಗ್ಯಾಸಬತ್ತಿಯೂ ಸದ್ದು ನಿಲ್ಲಿಸಿತು, ಮಲಗಿದ ಕೂಸೂ ಎದ್ದು ಕೇಳಿತು. ಶ್ರೀ ಮಗದೂಮರ ಕಂಠ ಕತ್ತಲಲ್ಲಿ…' ಕತ್ತಿ ಅಲ್ರಿ, ಕತ್ತಲ."

ಕತ್ತೆಯಲ್ಲವಲ್ಲ ಎಂಬ ಸಮಾಧಾನ ಅರ್ಧ ಉಸಿರಿನಷ್ಟು ಹೊತ್ತು ಇತ್ತು.

"'…ಕತ್ತಲಲ್ಲಿ ದಾರಿ ತಪ್ಪಿದ ಎಮ್ಮೆಯಂತೆ ಅಲೆಯುತ್ತಿರಲು, ಈ ಪೇಟಿಯೇ ಹಗ್ಗ ಹಿಡಿದು ಪ್ರತಿ ಸಲವೂ ಅದನ್ನು ಮನೆಗೆ ಕರೆತಂದಿತು.'"

ಮಗದೂಮರ ಕಣ್ಣ ಮುಂದೆ ಅಥಣಿಯ ಧರ್ಮಶಾಲೆ ಬಂತು. ಹಿಂದಿನ ರಾತ್ರಿ ಹಾಡು ಕೆಟ್ಟಿತೆಂದು ಕಂಪನಿಯ ಮಾಲೀಕ ಎಲ್ಲರೆದುರು ಬೈದಿದ್ದ. ಬೆಳಿಗ್ಗೆ ಅವರು ಸಮಡೋಳಿಗೆ ಹೋಗುತ್ತೇನೆಂದು ಟ್ರಂಕು ಕಟ್ಟಿ, ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಗುರಲಿಂಗ ಮಾಸ್ತರ ಪೇಪರು ಹಿಡಿದು ಬಂದು, ಸಲಿಗೆಯ ಹೆಸರಿನಿಂದ ಕರೆದು, "ಏಳೋ ಪಾರೀಸಾ, ಏನ ಬರದಾರ ಕೇಳಿಲ್ಲಿ" ಎಂದಿದ್ದರು. ಕೇಳಿ ಅವರು ಟ್ರಂಕು ಬಿಚ್ಚಿದ್ದರು. ಮಾಸ್ತರ ತನಗೆ ಬಂದ ಒಂದೇ ಒಂದು ಸ್ತುತಿಯನ್ನು ಕತ್ತರಿಸಿ ಇನ್ನೊಬ್ಬನ ಕೈಗೆ ಕೊಟ್ಟು, ನಲವತ್ನಾಲ್ಕು ವರ್ಷ ತುಟಿ ಬಿಚ್ಚಿರಲಿಲ್ಲ.

ಜಯಕುಮಾರ ಕೆಮ್ಮಿದ. "ಬಾಯಿಯವರ, ಪೇಟಿ ಇದ್ದಲ್ಲಿ ಕಂಠ ಅಂತ ಬರದ ಬಿಟ್ರ? ಮಂಡಳದಾಗ ಕಾನಡಿ ಓದಾವ್ರು ಯಾರೂ ಇಲ್ಲ."

"ಮೂವತ್ತೈದ ವರ್ಷ ಹುಡುಗರ ತಪ್ಪ ತಿದ್ದೇನಿ. ಈಗ ನಾನ ತಪ್ಪ ಬರೀಲೇನೋ?"

"ಬ್ಯಾಡ್ರಿ," ಎಂದರು ಮಗದೂಮರು. "ಇದ್ದದ್ದ ಇದ್ದಂಗ ಬರೀರಿ. ಈ ಪುರಾವಾ ಮಾಸ್ತರದು, ಶಾಲೂ ಮಾಸ್ತರದ." ಕೃಷ್ಣವ್ವ ಬಾಯಿ ಬರೆಯತೊಡಗಿದರು. ಮೂರು ಸಾಲು ಆದ ಮೇಲೆ ಮಗದೂಮರು ಮೆಲ್ಲಗೆ ಕೇಳಿದರು: "ಆ ಎಮ್ಮಿ ಒಂದ ಬಿಡಾಕ ಬರತೈತೇನ್ರಿ?"

"ಬರೂದಿಲ್ಲ."

ಎಮ್ಮೆಯ ಸಮೇತ ಅವರು ಸಾಂಗಲಿಯ ಮಂಡಳದ ಕಚೇರಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ ಇತ್ತು. ಅಧ್ಯಕ್ಷ ಅಪ್ಪಣ್ಣ, ಒಂದು ಕಾಲದ ಹೆಡ್‌ಮಾಸ್ತರ, ಮೇಜಿನ ಹಿಂದೆ ಕೂತಿದ್ದರು.

"ಅಪ್ಪಣ್ಣಾವರ, ನನ್ನ ಅರ್ಜಿ ಹೊಡದಹಾಕ್ರಿ. ಇದು ಗುರಲಿಂಗ ಮಾಸ್ತರದ ಸ್ತುತಿ, ಅವರ ಅರ್ಜಿಗೆ ಜೋಡಸ್ರಿ," ಎಂದು ಹೇಳಿ ಮಗದೂಮರು ತಮ್ಮ ಅರ್ಜಿಯ ಮೇಲೆ ತಾವೇ ಅಡ್ಡಗೆರೆ ಎಳೆದು ಸಹಿ ಹಾಕಿದರು. ಹಾಕಿದ ಮೇಲೆ ಎದೆ ಹಗುರಾಯಿತು.

ಅಪ್ಪಣ್ಣ ಹಣೆ ಒತ್ತಿಕೊಂಡರು. "ಎಲ್ಲಿ ಜೋಡಸಲ್ರಿ? ಅವರು ಎರಡ ತಾಸಿನ ಹಿಂದ ಬಂದು ತಮ್ಮ ಅರ್ಜಿ ಹರದ ಹೋಗ್ಯಾರ." ಖಾನೆಯಿಂದ ಮರಾಠಿಯಲ್ಲಿ ಬರೆದ ಒಂದು ಚೀಟಿ ತೆಗೆದು ಕನ್ನಡದಲ್ಲಿ ಓದಿ ಹೇಳಿದರು. "'ಪಾರೀಸನ ಕಡೆ ಛಾಪಿಸಿದ ಸ್ತುತಿ ಐತಿ. ನಾನ ಕಣ್ಣಾರೆ ಓದೇನಿ. ನನ್ನ ಕಡೆ ಏನೂ ಇಲ್ಲ. ಶಾಲು ಅವಗ ಹಾಕ್ರಿ. ಭಾಷಾಂತರ ಕೇಳಿ ಅವನ್ನ ಕಾಡಬ್ಯಾಡ್ರಿ.'"

ಮಗದೂಮರು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡರು. ಜಯಕುಮಾರ ಮಾತ್ರ ಗಡಿಬಿಡಿಯಿಂದ, "ಹಂಗಾರ ಶಾಲು ಯಾರಿಗ್ರಿ?" ಎಂದ.

"ಉಳದದ್ದು ಕುಪವಾಡದ ಅರ್ಜಿ ಒಂದ," ಎಂದು ಅಪ್ಪಣ್ಣ ಮೂಲೆಯ ಬಾಕಿನ ಕಡೆ ಕೈ ತೋರಿಸಿದರು. ಕಂಬಳಿ ಹೊದ್ದ, ಎಂಬತ್ತರ ಗಡಿ ದಾಟಿದ ಒಬ್ಬ ಕುರುಬರ ಮುದುಕ ಅಲ್ಲಿ ಕೂತಿದ್ದ. "ವಿಠೋಬಾ ಅಂತ. ನಾಟಕದಾಗ ಪಡದೆ ಜಗ್ಗತಿದ್ರಂತ. ಪುರಾವಾ ಕೇಳಿದ್ರ ಅಂಗೈ ತೋರಿಸಿದ್ರು. ಹಗ್ಗದ ಗೆರಿ ಇನ್ನೂ ಅದಾವ. ಅದಕ್ಕ ಭಾಷಾಂತರನೂ ಬ್ಯಾಡ."

ಮುದುಕ ಎದ್ದು ಬಂದು ಮಗದೂಮರ ಮುಖವನ್ನು ಹತ್ತಿರದಿಂದ ನೋಡಿದ. "ಯಪ್ಪಾ! ಪಾರಿಸಣ್ಣಾ ಅಲ್ಲೇನು? ನಾ ನಮ್ಮ ಕಂಪನ್ಯಾಗಿನ ವಿಠೂ!"

ಇಬ್ಬರೂ ಅಪ್ಪಿಕೊಂಡರು. ಕಂಬಳಿಯ ವಾಸನೆಯಲ್ಲಿ ಇಡೀ ಕಂಪನಿ ಎದ್ದು ಬಂದಂತಾಗಿ ಮಗದೂಮರಿಗೆ ಶಾಲು ಮರೆತೇ ಹೋಯಿತು.

"ವಿಠೂ, ನಿನಗರ ನೆನಪ ಐತೇನೋ? ನನ್ನ ಹಾಡ ಮುಗದ್ರ ಜನ ಹೆಂಗ ಚಪ್ಪಾಳಿ ಹೊಡೀತಿದ್ರು!"

"ನೆನಪಿಲ್ದ ಏನಣ್ಣಾ? ಮಾಸ್ತರ ಪೇಟಿ ಮ್ಯಾಲಿಂದ ಕಣ್ಣ ಹೊಡೀತಿದ್ರು, ನಾ ಪಡದೆ ಬಿಡತಿದ್ದೆ, ಜನ ಚಪ್ಪಾಳಿ ಹೊಡೀತಿದ್ರು. ಒಂದ ದಿನಾನೂ ತಡಾ ಮಾಡಲಿಲ್ಲ ನಾ."

ಅಪ್ಪಣ್ಣ ನಗು ನುಂಗಿ, ಮಗದೂಮರ ಮುಖ ನೋಡಲಾರದೆ ಕಾಗದಗಳನ್ನು ಜೋಡಿಸಿದರು. ಸಮಾಧಾನದ ಮಾತೊಂದು ಆಡಬೇಕಲ್ಲ. "ಹಿಂಗ ಮಾಡೂಣು. ವಿಠೋಬಾನ ಸತ್ಕಾರದ ದಿನ ಮಾಸ್ತರ ಪೇಟಿ ಬಾರಸಲಿ, ಮಗದೂಮರು ಹಾಡಲಿ. ಮೂರೂ ಊರು ಕೂಡಿದಂಗೂ ಆತು."

ಮಗದೂಮರ ಮುಖ ಅರಳಿತು. ಆಗಲೇ ಗಂಟಲು ಸರಿಮಾಡಿಕೊಳ್ಳತೊಡಗಿದ್ದರು.

ವಿಠೋಬಾ ಮಾತ್ರ ಗಾಬರಿಯಾಗಿ, "ನಾ ಎಲ್ಲಿ ಕುಂದರೂದ್ರಿ?" ಎಂದು ಕೇಳಿದ.

"ವೇದಿಕೆ ಮ್ಯಾಲ, ನಡುವ, ಶಾಲು ಹೊತಗೊಂಡು."

"ಪಾರಿಸಣ್ಣಾ ಹಾಡೂಮುಂದ?"

"ಹೌದ್ರಿ."

ಮುದುಕ ಮೇಜಿನ ಮೇಲಿದ್ದ ಲೇಖನಿ ಎತ್ತಿ ಅಪ್ಪಣ್ಣನ ಕೈಗೆ ಕೊಟ್ಟ. "ಹಂಗಾರ ನನ್ನ ಅರ್ಜಿನೂ ಹೊಡದಹಾಕ್ರಿ ಸಾಹೇಬ್ರ. ನಾ ಶಾಲು ಹೊತ್ತ ಮುಂದ ಕುಂತ್ರ, ಪಡದೆ ಯಾರ ಬಿಡಬೇಕು?"