ಪೆಡಲಿಗೆ ಕುಂಕುಮ ಇಟ್ಟು ಕೆಟ್ಟೆ

ಕಬ್ಬಿಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಮರುವಾರವೇ ವೆಲ್ಡಿಂಗ್ ಹೋಲ್ಡರ್ ಹಿಡಿದೆ, ಇವತ್ತಿನವರೆಗೂ ಕೆಳಗಿಟ್ಟಿಲ್ಲ. ಸಾಸಲು ಕಡೆ ಹೋಗುವ ರಸ್ತೆಯಲ್ಲಿ ನನ್ನ ಶೆಡ್ಡು. ಸುತ್ತಮುತ್ತಲ ಹಳ್ಳಿಯಲ್ಲಿ ನೀವು ಯಾವ ಮನೆಯ ಗೇಟು ತಳ್ಳಿದರೂ ಅದು ನನ್ನ ಗೇಟೇ. ಕಿರ್ ಅಂದರೆ ಮಾತ್ರ ಬೇರೆಯವರದ್ದು!

ಇಂಥ ನಾನು ಒಂದು ಬಾಟಲಿ ಸ್ಟ್ಯಾಂಡು ಮಾಡಲು ಹೋಗಿ ಊರಿನ ಹಾಲಿಗೇ ಕಲ್ಲು ಹಾಕುವುದರಲ್ಲಿದ್ದೆ. ಅದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ನನ್ನ ಹೆಂಡತಿ ಜಯಮ್ಮ ಹೇಳಿದರೆ ಇನ್ನೂ ಉದ್ದವಾಗುತ್ತೆ.

ಕೊರೊನಾ ಎರಡನೇ ಸಲ ಬಂದ ಕಾಲ. ಶೆಡ್ಡಿಗೆ ಬೀಗ ಬಿದ್ದಿತ್ತು. ಮನೆ ನಡೆಯುತ್ತಿದ್ದದ್ದು ಜಯಮ್ಮ ಸಾಕಿದ್ದ ಎರಡು ಸೀಮೆಹಸುಗಳ ಹಾಲಿನಿಂದ. ನಮ್ಮದೊಂದೇ ಅಲ್ಲ, ಊರಿಗೆ ಊರೇ ಹಾಲನ್ನು ನಂಬಿಕೊಂಡಿತ್ತು. ಬೆಳಗ್ಗೆ, ಸಾಯಂಕಾಲ ಎಲ್ಲರೂ ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಲ್ಲುವುದು. ಒಳಗೆ ಸೆಕ್ರೆಟರಿ ಮುನಿರಾಜ ಹಾಲು ಅಳೆದು ಬರೆದುಕೊಳ್ಳುವುದು. ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಒಂದು ಸ್ಯಾನಿಟೈಸರ್ ಬಾಟಲಿ. ಬಂದವರೆಲ್ಲ ಅದೇ ಬಾಟಲಿಯ ಕತ್ತು ಹಿಡಿದು, ಅದೇ ತಲೆ ಅದುಮಿ, ಕೈ ಉಜ್ಜಿಕೊಂಡು ಹೋಗುವುದು.

ಒಂದು ಶುಕ್ರವಾರ ಸೂಪರ್‌ವೈಸರ್ ಮೇಡಂ ಬಂದು ಇದನ್ನು ನೋಡಿದರು.

"ಏನ್ರೀ ಮುನಿರಾಜು, ಕಾಯಿಲೆ ಬರಬಾರದು ಅಂತ ಬಾಟ್ಲಿ ಇಟ್ಟಿದ್ದೀರೋ, ಎಲ್ಲರಿಗೂ ಹಂಚೋಣ ಅಂತ ಇಟ್ಟಿದ್ದೀರೋ? ಕೈ ಮುಟ್ಟದೆ ಸ್ಯಾನಿಟೈಸರ್ ಬೀಳಬೇಕು. ಜನ ದೂರ ದೂರ ನಿಲ್ಲಬೇಕು. ಸೋಮವಾರ ಬೆಳಗ್ಗೆ ಬರ್ತೀನಿ. ಹಿಂಗೇ ಇದ್ರೆ ಹಾಲಿನ ಗಾಡಿ ನಿಮ್ಮೂರಿಗೆ ಬರಲ್ಲ, ಅಷ್ಟೇ."

ಗಾಡಿ ಬರಲಿಲ್ಲ ಅಂದರೆ ಹಾಲು ಎಲ್ಲಿಗೆ ಹೋಗಬೇಕು? ಲಾಕ್‌ಡೌನ್ ಅಂತ ಶೆಡ್ಡಿಗೆ ಬೀಗ ಹಾಕಬಹುದು, ಹಸುವಿನ ಕೆಚ್ಚಲಿಗೆ ಹಾಕಕ್ಕಾಗುತ್ತಾ? ಸಾಲಿನಲ್ಲಿದ್ದವರ ಮುಖವೆಲ್ಲ ಸಪ್ಪಗಾಯಿತು.

"ಕಾಲಲ್ಲಿ ತುಳಿಯೋ ಸ್ಟ್ಯಾಂಡು ಬಂದಿದೆಯಂತೆ. ಆದ್ರೆ ತರೋಣ ಅಂದ್ರೆ ಅಂಗಡಿ ಎಲ್ಲಿ ತೆಗೆದಿರ್ತಾವೆ?" ಅಂದ ಮುನಿರಾಜ.

"ಅಂಗಡಿ ಯಾಕ್ಲಾ? ನಾನಿಲ್ವಾ?" ಅಂದೆ ನಾನು.

"ನಾಗಣ್ಣ, ಅದು ಗೇಟಲ್ಲ."

"ಲೇ, ಗೇಟು ಮಾಡಿದೋನಿಗೆ ಬಾಟ್ಲಿ ಸ್ಟ್ಯಾಂಡು ಯಾವ ಲೆಕ್ಕ ಕಣ್ಲಾ! ಸೋಮವಾರ ಮೇಡಂ ಬರೋ ಹೊತ್ತಿಗೆ ಇಲ್ಲಿ ನಿಂತಿರುತ್ತೆ. ನಾನು ಮಾತು ಕೊಟ್ಟಿದ್ದೀನಿ ಅಂತ ಬರ್ಕೋ!"

ಅವನು ಬರೆದುಕೊಳ್ಳಲಿಲ್ಲ. ಆದರೆ ಊರೆಲ್ಲ ಕೇಳಿಸಿಕೊಂಡಿತು.

ಆ ಸ್ಟ್ಯಾಂಡನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಕೆಳಗೆ ಒಂದು ಪೆಡಲು, ನಡುವೆ ಒಂದು ಸಲಾಕೆ, ಮೇಲೆ ಬಾಟಲಿ. ಪೆಡಲು ತುಳಿದರೆ ಸಲಾಕೆ ಬಂದು ಬಾಟಲಿಯ ತಲೆ ಅದುಮುತ್ತೆ, ಒಡ್ಡಿದ ಕೈಗೆ ಸ್ಯಾನಿಟೈಸರ್ ಬೀಳುತ್ತೆ. ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ. ದೊಡ್ಡ ದೊಡ್ಡವರೆಲ್ಲ ಲಸಿಕೆ, ಆಪು ಅಂತ ತಲೆ ಕೆಡಿಸಿಕೊಂಡಿದ್ದಾಗ ಇವನೊಬ್ಬ ಕಾಲನ್ನು ನೆನೆಸಿಕೊಂಡನಲ್ಲ! ಕರೆಂಟು ಬೇಡ, ನೆಟ್‌ವರ್ಕು ಬೇಡ, ಇಂಗ್ಲಿಷು ಬೇಡ. ನನಗೋಸ್ಕರವೇ ಹುಟ್ಟಿದ ವಿಜ್ಞಾನ ಅನ್ನಿಸಿತು.

ಶನಿವಾರ ಮಧ್ಯಾಹ್ನದೊಳಗೆ ಶೆಡ್ಡಿನ ಸಾಮಾನು ಮನೆಗೆ ತಂದು, ಕತ್ತರಿಸಿ, ಬೆಸೆದು, ಉಜ್ಜಿ ಹಿತ್ತಲಲ್ಲಿ ನಿಲ್ಲಿಸಿಯೇಬಿಟ್ಟೆ. ಅಳತೆಗೆ ಟೇಪು ಹುಡುಕಲಿಲ್ಲ. ನನ್ನ ಎದೆಯೇ ಅಳತೆ. ಜಯಮ್ಮನನ್ನು ಕರೆದು, "ಮೊದಲ ತುಳಿತ ನಿಂದೇ, ಬಾ" ಅಂದೆ. ನಾನು ಆರಡಿ. ಅವಳು ನನ್ನ ಕಂಕುಳಿಗೆ ಬರುತ್ತಾಳೆ. ತುಳಿದಳು. ಭುಸ್ ಅಂತ ಬಂದದ್ದು ಸೀದಾ ಹಣೆಗೆ!

"ಏನ್ರೀ, ಇದು ಕೈಗೋ, ತಲೆಸ್ನಾನಕ್ಕೋ?"

"ನೀನು ಗಿಡ್ಡ ಕಣೇ. ಮೆಷಿನ್ನಿನ ತಪ್ಪೇನಿದೆ?"

"ಡೇರಿಗೆ ಬರೋರೆಲ್ಲ ನನ್ನಂಗೇ ಇರೋದು. ನಿಮ್ಮಂಗೆ ಕರೆಂಟ್ ಕಂಬದಂಗೆ ಇರೋರು ನೀವೊಬ್ಬರೇ."

ತಾಂತ್ರಿಕ ಕಾರಣಗಳಿಂದ ಸ್ಟ್ಯಾಂಡನ್ನು ಒಂದಡಿ ಕತ್ತರಿಸಿದೆ.

ಆಮೇಲೆ ಸ್ಪ್ರಿಂಗಿನ ವಿಚಾರ. ತುಳಿದ ಪೆಡಲು ವಾಪಸ್ ಮೇಲೇಳಬೇಕಲ್ಲ. ಕೆಲಸ ಗಟ್ಟಿಯಾಗಿರಲಿ ಅಂತ ಹಳೇ ಟ್ರಾಕ್ಟರ್ ಸೀಟಿನ ಸ್ಪ್ರಿಂಗು ಹಾಕಿದೆ. ನಾನೇ ಎರಡೂ ಕಾಲಲ್ಲಿ ಹತ್ತಿ ನಿಂತರೂ ಅದು ಅಲ್ಲಾಡಲಿಲ್ಲ. ಕುಪ್ಪಳಿಸಿದೆ. ಆಗ ಕೆಳಗೆ ಹೋಯಿತು. ಹೋದಷ್ಟೇ ಜೋರಾಗಿ ವಾಪಸ್ ಬಂತು. ನಾನು ಒಂದು ಕಡೆ, ಬಾಟಲಿ ಇನ್ನೊಂದು ಕಡೆ. ಕೋಳಿಗಳೆಲ್ಲ ಮನೆಯೊಳಗೆ ನುಗ್ಗಿದವು. ಬಾಟಲಿ ಹೋಗಿ ಹಸುವಿನ ಗೋದಲಿಯಲ್ಲಿ ಬಿತ್ತು.

ಜಯಮ್ಮ ಮೊದಲು ಓಡಿದ್ದು ಹಸುವಿನ ಹತ್ತಿರ. ಆಮೇಲೆ ಬಾಟಲಿ ಎತ್ತಿಕೊಂಡಳು. ಕೊನೆಗೆ ನನ್ನನ್ನು ನೋಡಿದಳು. ಒಳಗೆ ಹೋಗಿ, ಮೂಲೆಯಲ್ಲಿದ್ದ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು ಬಿಚ್ಚಿ ತಂದು ನನ್ನ ಕೈಗಿಟ್ಟಳು. ಅದು ಸರಿಯಾಗಿ ಕೂತಿತು. ನಾನೂ ಅದನ್ನೇ ಹಾಕೋಣ ಅಂತಿದ್ದೆ.

ಸೋಮವಾರ ಬೆಳಗ್ಗೆ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತು ಹೊರಟೆ. ಹಿಂದೆ ಜಯಮ್ಮ ಹಾಲಿನ ಕ್ಯಾನು ಹಿಡಿದು ಬಂದಳು. ಡೇರಿ ಮುಂದೆ ಆಗಲೇ ಸಾಲು ನಿಂತಿತ್ತು. ಸ್ಟ್ಯಾಂಡು ಇಳಿಸಿದ ಕೂಡಲೇ ಎಲ್ಲರೂ "ಭೇಷ್ ನಾಗಣ್ಣ!" ಅಂದರು. ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು.

ಆದರೆ ನನ್ನದೊಂದು ಪದ್ಧತಿ. ನನ್ನ ಕೈಯಿಂದ ಹೋಗುವ ಯಾವ ಸಾಮಾನೂ ಪೂಜೆಯಿಲ್ಲದೆ ಕೆಲಸ ಶುರು ಮಾಡುವುದಿಲ್ಲ. ಗೇಟಿಗಾದರೆ ಚಿಲಕದ ಮೇಲೆ ಕುಂಕುಮ ಇಡುತ್ತೇನೆ. ಯಾಕೆಂದರೆ ಗೇಟಿನ ಜೀವ ಇರುವುದು ಚಿಲಕದಲ್ಲಿ. ಹಾಗಾದರೆ ಈ ಸ್ಟ್ಯಾಂಡಿನ ಜೀವ ಎಲ್ಲಿದೆ? ಬಹಳ ಯೋಚನೆ ಮಾಡಿ ಪೆಡಲಿನಲ್ಲಿದೆ ಅಂತ ತೀರ್ಮಾನಿಸಿದೆ. ಪೆಡಲಿಗೆ ಮೂರು ಪಟ್ಟೆ ವಿಭೂತಿ ಎಳೆದೆ. ನಡುವೆ ಅರಿಶಿನ, ಕುಂಕುಮ ಇಟ್ಟೆ. ಒಂದು ಸೇವಂತಿಗೆ ಸಿಕ್ಕಿಸಿದೆ. ಕರ್ಪೂರ ಹಚ್ಚಿ ಮಂಗಳಾರತಿ ಎತ್ತಿದೆ. ಸಾಲಿನಲ್ಲಿದ್ದವರೆಲ್ಲ ಕಣ್ಣು ಮುಚ್ಚಿ ಕೈ ಮುಗಿದರು. ನನಗೂ ಒಂದು ಥರ ಆನಂದವಾಯಿತು.

"ಬನ್ನಿ, ಒಬ್ಬೊಬ್ಬರೇ ಬಂದು ತುಳೀರಿ!" ಅಂದೆ.

ಯಾರೂ ಬರಲಿಲ್ಲ.

ಸಾಲಿನಲ್ಲಿ ಮುಂದಿದ್ದವರು ಹನುಮಕ್ಕಜ್ಜಿ. ಒಂದೇ ಹಸು ಕಟ್ಟಿಕೊಂಡು, ಊರಿಗೆಲ್ಲ ಬುದ್ಧಿ ಹೇಳಿಕೊಂಡು ಇರುವ ಮುದುಕಿ. ಚಪ್ಪಲಿ ದೂರ ಬಿಟ್ಟು ಬಂದು ಪೆಡಲನ್ನು ನೋಡಿದರು.

"ಏನಪ್ಪಾ ನಾಗ, ಇದುನ್ನ ತುಳೀಬೇಕಾ?"

"ಹೂಂ ಅಜ್ಜಿ."

"ಅರಿಶಿನ ಕುಂಕುಮ ಇಟ್ಟಿದ್ದೀಯ."

"ಹೂಂ."

"ಈಗ ತಾನೆ ಆರತಿ ಎತ್ತಿದೆ."

"ಹೂಂ."

"ಆರತಿ ಎತ್ತಿದ್ದನ್ನ ಕಾಲಲ್ಲಿ ಒದೀಲಾ ನಾನು, ಈ ವಯಸ್ಸಲ್ಲಿ?"

ನನ್ನ ಹತ್ತಿರ ಇನ್ನೊಂದು ಹೂಂ ಇರಲಿಲ್ಲ.

ಅಜ್ಜಿ ಬಗ್ಗಿ, ಎರಡೂ ಕೈಯಲ್ಲಿ ಪೆಡಲು ಒತ್ತಿ, ಆ ಕೈಯನ್ನೇ ಕಣ್ಣಿಗೊತ್ತಿಕೊಂಡರು. ಮೇಲಿಂದ ಸ್ಯಾನಿಟೈಸರ್ ಬಂದು ಅವರ ಬೆನ್ನ ಮೇಲೆ ಬಿತ್ತು. "ತಣ್ಣಗೈತೆ" ಅಂದರು.

ಹಿರಿಯರು ದಾರಿ ತೋರಿಸಿದ ಮೇಲೆ ಕೇಳಬೇಕೇ? ಹಿಂದಿದ್ದವರೆಲ್ಲ ಹಾಗೇ ಶುರು ಮಾಡಿದರು. ಕೈಯಲ್ಲಿ ಒತ್ತುವವರಿಗೆ ಸ್ಯಾನಿಟೈಸರ್ ಹಿಡಿಯಲು ಕೈ ಎಲ್ಲಿದೆ? ಅದಕ್ಕೂ ಜನ ಉಪಾಯ ಕಂಡುಕೊಂಡರು. ಒಬ್ಬರು ಬಗ್ಗಿ ಪೆಡಲು ಒತ್ತುವುದು, ಇನ್ನೊಬ್ಬರು ಅವರ ಬೆನ್ನಿಗೆ ಅಂಟಿ ನಿಂತು ಕೈ ಒಡ್ಡುವುದು. ಆಮೇಲೆ ಜಾಗ ಬದಲಾಯಿಸಿಕೊಳ್ಳುವುದು. ಯಾರೂ ಮುಟ್ಟಬಾರದು ಅಂತ ನಾನು ಮಾಡಿದ ಯಂತ್ರವನ್ನು ಅರ್ಧ ಗಂಟೆಯಲ್ಲಿ ಇಡೀ ಊರು ಮುಟ್ಟಿ ಕಣ್ಣಿಗೊತ್ತಿಕೊಂಡಿತ್ತು. ದೂರ ನಿಲ್ಲಬೇಕಾದವರು ಜೋಡಿ ಜೋಡಿಯಾಗಿ ನಿಂತಿದ್ದರು!

"ನಾಗಣ್ಣ, ಮೇಡಂ ಬರೋ ಹೊತ್ತಾಯ್ತು. ಇದಕ್ಕಿಂತ ಆ ಬಾಟ್ಲಿನೇ ವಾಸಿಯಾಗಿತ್ತಲ್ಲೋ!" ಅಂದ ಮುನಿರಾಜ, ಅಳುವ ದನಿಯಲ್ಲಿ.

ನಾನು ಸ್ಟೂಲು ಹತ್ತಿ ಭಾಷಣ ಮಾಡಿದೆ. "ಮಹಾಜನಗಳೇ, ಇದು ದೇವರಲ್ಲ! ಬರೀ ಕಬ್ಬಿಣ! ನಾನೇ ಬೆಸೆದಿದ್ದು!"

"ಹಂಗಾದ್ರೆ ನೀನ್ಯಾಕೆ ಮಂಗಳಾರತಿ ಮಾಡ್ದೆ?" ಅಂತ ಯಾರೋ ಕೂಗಿದರು. ಭಾಷಣ ಅಲ್ಲಿಗೆ ಮುಗಿಯಿತು.

ಕುಂಕುಮ ಒರೆಸಿಬಿಡೋಣ ಅಂತ ಟವೆಲು ತೆಗೆದೆ. ಹನುಮಕ್ಕಜ್ಜಿ ಅಡ್ಡ ನಿಂತರು. "ಇಟ್ಟ ಕುಂಕುಮ ಅಳಿಸ್ತಾರೇನೋ? ನಿನ್ನ ಹೆಂಡ್ತಿ ಇಲ್ಲೇ ನಿಂತವ್ಳೆ!" ನಾನು ಟವೆಲನ್ನು ಹೆಗಲಿಗೆ ವಾಪಸ್ ಹಾಕಿಕೊಂಡೆ.

ಇಷ್ಟರಲ್ಲಿ ಮೂಗಿಗೆ ಊದುಬತ್ತಿಯ ವಾಸನೆ ಬಡಿಯಿತು. ತಿರುಗಿ ನೋಡಿದರೆ ಯಾರೋ ಭಕ್ತರು ಪೆಡಲಿನ ಸಂದಿಯಲ್ಲಿ ಎರಡು ಊದುಬತ್ತಿ ಸಿಕ್ಕಿಸಿದ್ದಾರೆ! ಮೇಲೆ ಬಾಟಲಿಯಿಂದ ಸ್ಯಾನಿಟೈಸರ್ ತೊಟ್ಟಿಕ್ಕುತ್ತಿದೆ. ಅದಕ್ಕೆ ಬೆಂಕಿ ಸೋಕಿದರೆ ಏನಾಗುತ್ತೆ ಅಂತ ವೆಲ್ಡಿಂಗ್ ಮಾಡುವವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಎಲ್ಲಿದೆ ಅಂತ ಹುಡುಕುವಷ್ಟು ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿ ಸುರಿದೇಬಿಟ್ಟೆ.

"ರೀ! ಅದು ನಮ್ಮ ಹಾಲು ಕಣ್ರೀ!"

ಊದುಬತ್ತಿ ಆರಿತು. ಕ್ಯಾನು ಖಾಲಿಯಾಯಿತು. ಎರಡು ಹಸುಗಳ ಬೆಳಗಿನ ಹಾಲು ಕುಂಕುಮದ ಜೊತೆ ಸೇರಿ, ಗುಲಾಬಿ ಬಣ್ಣಕ್ಕೆ ತಿರುಗಿ, ಡೇರಿಯ ಮೆಟ್ಟಿಲಿಳಿದು ಹರಿಯಿತು. ಹರಿದು ಹೋಗಿ ಒಂದು ಜೊತೆ ಚಪ್ಪಲಿಯ ಹತ್ತಿರ ನಿಂತಿತು.

ಚಪ್ಪಲಿಯಲ್ಲಿ ಮೇಡಂ ಇದ್ದರು.

ಹಾಲಿನಲ್ಲಿ ತೊಯ್ದ ಸ್ಟ್ಯಾಂಡು, ಅದಕ್ಕೆ ಮೂರು ಪಟ್ಟೆ ವಿಭೂತಿ, ತಲೆ ಬಗ್ಗಿಸಿಕೊಂಡು ನಿಂತ ಸೇವಂತಿಗೆ, ಸುತ್ತ ಒತ್ತೊತ್ತಾಗಿ ಜನ, ನಡುವೆ ಖಾಲಿ ಕ್ಯಾನು ಹಿಡಿದ ನಾನು. ಎಲ್ಲವನ್ನೂ ಸಾವಕಾಶವಾಗಿ ನೋಡಿದರು.

"ಅಭಿಷೇಕ ಮುಗೀತಾ?"

ನಾನು ಕ್ಯಾನನ್ನು ಬೆನ್ನ ಹಿಂದೆ ಸರಿಸಿದೆ.

"ಮುನಿರಾಜು, ನಾಳೆಯಿಂದ ಗಾಡಿ ಬರಲ್ಲ. ನಿಮ್ಮೂರಿನವರಿಗೆ ಇದೊಂದು ತಮಾಷೆ ಆಗಿದೆ."

ಆ ಮಾತು ಕೇಳಿ ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಊರಿನ ಹಾಲು ಕೆಟ್ಟರೆ ಅದಕ್ಕೆ ಕಾರಣ ಕಾಯಿಲೆಯಲ್ಲ, ನಾನು! ಆಗ ಜಯಮ್ಮ ಮುಂದೆ ಬಂದಳು.

"ಐದು ನಿಮಿಷ ತಡೀರಿ ಮೇಡಂ" ಅಂದವಳು ಹನುಮಕ್ಕಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಆಯುಧಪೂಜೇಲಿ ನಿಮ್ಮ ಮಗ ಟ್ರಾಕ್ಟರ್‌ಗೆ ಪೂಜೆ ಮಾಡಲ್ವಾ?"

"ಮಾಡ್ತಾನೆ ಕಣವ್ವ."

"ಆಮೇಲೆ ಕ್ಲಚ್ಚನ್ನ ಕೈಯಲ್ಲಿ ಒತ್ತುತ್ತಾನಾ?"

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ಅಷ್ಟು ಬೇಗ ಸೋಲುವವರಲ್ಲ. "ಸುಮ್ನೆ ತುಳಿಯಲ್ಲಮ್ಮಿ. ಮೊದಲು ಮುಟ್ಟಿ ನಮಸ್ಕಾರ ಮಾಡಿ ಆಮೇಲೆ ಹತ್ತುತ್ತಾನೆ."

"ನಮಸ್ಕಾರ ನಾವೂ ಮಾಡೋಣ. ಮುಟ್ಟೋದು ಯಾಕೆ? ಬೆಳಗೆದ್ದು ಸೂರ್ಯನಾರಾಯಣನಿಗೆ ಕೈ ಮುಗೀತೀರಲ್ಲ, ಮುಟ್ಟಿ ಮುಗೀತೀರಾ? ದೂರದಿಂದ ತಾನೆ?"

ಅಜ್ಜಿ ಬಾಯಿ ತೆರೆದರು. ಮತ್ತೆ ಮುಚ್ಚಿಕೊಂಡರು. ನನ್ನ ಜೀವಮಾನದಲ್ಲಿ ಅದನ್ನು ನೋಡಿದ್ದು ಅದೊಂದೇ ಸಲ.

ಜಯಮ್ಮ ಪೆಡಲನ್ನು ನೀರಿನಲ್ಲಿ ತೊಳೆದಳು. ಎರಡು ಹೆಜ್ಜೆ ಹಿಂದೆ ನಿಂತು ಕೈ ಮುಗಿದಳು. "ತಪ್ಪು ತಿಳ್ಕೋಬೇಡಪ್ಪ" ಅಂತ ಹೇಳಿ ಮುಂದೆ ಬಂದು ಕಾಲಿಟ್ಟು ತುಳಿದಳು. ಮುಗಿದ ಕೈಯನ್ನು ಹಾಗೇ ಬಿಡಿಸಿ ತೀರ್ಥಕ್ಕೆ ಒಡ್ಡುವ ಹಾಗೆ ಒಡ್ಡಿದಳು. ಸ್ಯಾನಿಟೈಸರ್ ಸರಿಯಾಗಿ ಬೊಗಸೆಯ ನಡುವೆ ಬಿತ್ತು.

ಹನುಮಕ್ಕಜ್ಜಿ ಹಿಂದೆಯೇ ಬಂದರು. ಕೈ ಮುಗಿದರು, ತುಳಿದರು, ಬೊಗಸೆ ಒಡ್ಡಿದರು. "ಈಗ ಸರಿ" ಅಂತ ತೀರ್ಪು ಕೊಟ್ಟರು. ಅಲ್ಲಿಗೆ ಊರಿಗೆಲ್ಲ ಸರಿಯಾಯಿತು. ಇನ್ನೂ ಒಂದು ಚೋದ್ಯ ನಡೆಯಿತು. ಮುಂದಿನವರು ಕೈ ಮುಗಿಯುವಾಗ ಹಿಂದಿನವರು ತಾವಾಗಿಯೇ ಎರಡು ಹೆಜ್ಜೆ ದೂರ ನಿಂತರು. ನಮಸ್ಕಾರ ಮಾಡುತ್ತಿರುವವರ ಮೈ ಮೇಲೆ ಯಾರು ತಾನೇ ಬೀಳುತ್ತಾರೆ? ಮುನಿರಾಜ ತಿಂಗಳಿಂದ ಗಂಟಲು ಹರಿದುಕೊಂಡರೂ ಬಾರದಿದ್ದ ಅಂತರ ಒಂದು ನಮಸ್ಕಾರದಲ್ಲಿ ಬಂತು!

ಮೇಡಂ ಸಾಲು ಮುಗಿಯುವವರೆಗೂ ನಿಂತು ನೋಡಿದರು. ಕೊನೆಗೆ ತಾವೂ ಹೋಗಿ ತುಳಿದರು. ಅವರೂ ಕೈ ಮುಗಿದರೋ ಇಲ್ಲವೋ ಅಂತ ಊರಿನಲ್ಲಿ ಇವತ್ತಿಗೂ ಎರಡು ಪಂಗಡ. ನನ್ನ ಪ್ರಕಾರ ಮುಗಿದರು.

"ಗಾಡಿ ಬರುತ್ತೆ" ಅಂದರು. ಮುನಿರಾಜ ಗೋಡೆಗೆ ಒರಗಿಬಿಟ್ಟ. "ಚೆನ್ನಾಗಿದೆ ಕಣ್ರೀ. ಇಂಥದ್ದು ಇನ್ನೆರಡು ಊರಿನ ಡೇರಿಗೆ ಬೇಕು. ಒಂದು ಫೋಟೋ ತೆಗೀತೀನಿ, ಮೇಲಿನವರಿಗೆ ಕಳಿಸೋಣ. ಇದನ್ನ ಮಾಡಿದವರು ಬನ್ನಿ."

ನಾನು ಟವೆಲು ಕೊಡವಿ, ಕ್ರಾಪು ಸರಿ ಮಾಡಿಕೊಂಡು, ಸ್ಟ್ಯಾಂಡಿನ ಪಕ್ಕ ಎದೆಯುಬ್ಬಿಸಿ ನಿಂತೆ. ಮೇಡಂ ಮೊಬೈಲು ಎತ್ತಿದವರು ಇಳಿಸಿದರು.

"ನಿಮ್ಮ ಮಾಸ್ಕ್ ಎಲ್ರೀ?"

ತಡವಿಕೊಂಡೆ. ಮುಖದ ಮೇಲಿರಲಿಲ್ಲ. ಗಲ್ಲದ ಕೆಳಗೂ ಇರಲಿಲ್ಲ. ಭಾಷಣಕ್ಕೆ ಅಡ್ಡ ಅಂತ ತೆಗೆದು ಎಲ್ಲೋ ಇಟ್ಟಿದ್ದೆ. ಊರಿಗೆಲ್ಲ ಆರೋಗ್ಯ ಕೊಡಲು ಹೊರಟವನು ಆಗಿನಿಂದ ಬೋಳು ಮುಖದಲ್ಲಿ ಅಡ್ಡಾಡುತ್ತಿದ್ದೆ!

"ಇದನ್ನ ಕಳಿಸಿದ್ರೆ ನಂಗೆ ಬೈಗುಳ ಬರುತ್ತೆ. ನೀವು ಸ್ವಲ್ಪ ಆ ಕಡೆ ಸರೀರಿ. ಅಮ್ಮ, ನೀವು ಬನ್ನಿ. ಅಜ್ಜಿ, ನೀವೂ ಬನ್ನಿ."

ಆ ಫೋಟೋ ಈಗಲೂ ಡೇರಿಯ ಗೋಡೆಯ ಮೇಲಿದೆ. ಸ್ಟ್ಯಾಂಡಿನ ಮುಂದೆ ಜಯಮ್ಮ ಕೈ ಮುಗಿದು ನಿಂತಿದ್ದಾಳೆ, ಪಕ್ಕದಲ್ಲಿ ಹನುಮಕ್ಕಜ್ಜಿ ತಾವೇ ಕಂಡುಹಿಡಿದ ಹಾಗೆ ನಿಂತಿದ್ದಾರೆ. ಬಲಗಡೆ ಅಂಚಿನಲ್ಲಿ ಸರಿಯಾಗಿ ನೋಡಿದರೆ ಒಂದು ಮೊಣಕೈ ಕಾಣುತ್ತೆ. ಹಾಲು ಹಾಕಲು ಹೋದಾಗಲೆಲ್ಲ ಹೊಸಬರು ಸಿಕ್ಕರೆ, "ನೋಡಿ, ಈ ಯಂತ್ರ ಮಾಡಿದ್ದು ಈ ಕೈಯೇ" ಅಂತ ತೋರಿಸುತ್ತೇನೆ. ಅವರು ಫೋಟೋ ನೋಡುತ್ತಾರೆ, ನನ್ನನ್ನು ನೋಡುತ್ತಾರೆ.

ಯಾರೂ ನಂಬುವುದಿಲ್ಲ.