ತೂಕದವರ ಮಗಳಿಗೊಂದು ಕಾಲೇಜು

ಪಿಯುಸಿ ರಿಸಲ್ಟ್ ಬಂದ ಮರುದಿನದಿಂದ ನಮ್ಮ ಓಣಿಯಲ್ಲಿ ನನ್ನ ಮರ್ಯಾದೆ ಏರತೊಡಗುತ್ತದೆ. ಉಳಿದ ಹನ್ನೊಂದು ತಿಂಗಳು ನಾನು ಬೀದರದ ಒಂದು ಪಿಯು ಕಾಲೇಜಿನ ಆಫೀಸಿನಲ್ಲಿ ಟಿ.ಸಿ. ಬರೆಯುವ ಗುಮಾಸ್ತ. ಆ ಒಂದು ತಿಂಗಳು ಮಾತ್ರ ‘ಕಾಲೇಜಿನ ಸಾಹೇಬ್ರು’. ಚಹಾ ಬರುತ್ತದೆ, ಕುರ್ಚಿ ಬರುತ್ತದೆ, ಅದರ ಹಿಂದೆಯೇ ಪ್ರಶ್ನೆ ಬರುತ್ತದೆ: “ಯಾವ ಕಾಲೇಜಿಗಿ ಹಾಕಬೇಕ್ರಿ?” ಪ್ರತಿ ವರ್ಷ ಒಂದಲ್ಲ ಒಂದು ಫಜೀತಿ ಆಗುತ್ತದೆ. ಇನ್ನು ಇದರಲ್ಲಿ ತಲೆ ಹಾಕುವುದಿಲ್ಲ ಎಂದು ಪ್ರತಿ ವರ್ಷವೂ ಅಂದುಕೊಳ್ಳುತ್ತೇನೆ. ಆದರೆ ನನ್ನ ಕುತೂಹಲ ಕೆಟ್ಟದ್ದು, ಯಾರಾದರೂ ಕರೆದರೆ ಚಪ್ಪಲಿ ಹಾಕಿಕೊಂಡುಬಿಡುತ್ತೇನೆ.

ಈ ಸಲ ಕರೆದವರು ಎದುರು ಮನೆಯ ತೂಕದವರು. ನಮ್ಮೂರ ಧಾನ್ಯದ ಪೇಟೆ ಗಾಂಧಿ ಗಂಜಿನ ಅಡತಿ ಅಂಗಡಿಯೊಂದರಲ್ಲಿ ತೊಗರಿ, ಕಡಲೆ, ಸೋಯಾ ತೂಗುವುದು ಅವರ ಕೆಲಸ. ಮಗಳು ಸೈನ್ಸಿನಲ್ಲಿ ಫಸ್ಟ್ ಕ್ಲಾಸು. ಬಿ.ಎಸ್ಸಿ. ಮಾಡಿ ಮುಂದೆ ಟೀಚರ್ ಆಗಬೇಕೆಂಬ ಆಸೆ. ಮನೆಗೆ ಹತ್ತಿರದ ಸರ್ಕಾರಿ ಕಾಲೇಜಿನ ಆಯ್ಕೆ ಪಟ್ಟಿಯಲ್ಲಿ ಅವಳ ಹೆಸರು ಬಂದಿರಲಿಲ್ಲ. ಇತ್ತ ಔರಾದಿನಲ್ಲಿರುವ ಸೋದರತ್ತೆ, ಅಂದರೆ ತೂಕದವರ ಅಕ್ಕ, ಹುಡುಗಿಗೆ ಹದಿನೆಂಟು ತುಂಬಿತೆಂದು ಕಮಲನಗರದಲ್ಲಿ ಒಂದು ವರ ನೋಡಿ ಇಟ್ಟಿದ್ದರು.

“ನಮ್ಮ ಅಕ್ಕ ನಾಗರ ಪಂಚಮಿ ತನಕ ಟೈಮ್ ಕೊಟ್ಟಾಳ್ರಿ ಸಾಹೇಬ್ರ,” ಎಂದರು ತೂಕದವರು. “ಅಷ್ಟರಾಗ ನನ್ನ ಪಗಾರಕ್ಕ ಹೊಂದೋ ಕಾಲೇಜು ಸಿಕ್ರ ಕಾಲೇಜು. ಇಲ್ಲಾಂದ್ರ ಲಗ್ನ.”

ಮಗಳು ಬಾಗಿಲಲ್ಲಿ ನಿಂತಿದ್ದಳು. “ಕಾಕಾ, ಸಿಗ್ತದಲ್ರಿ?” ಎಂದಳು.

ಆ ಮುಖ ನೋಡಿ ಚಹಾದ ಕಪ್ಪು ಕೆಳಗಿಟ್ಟೆ. “ಸಿಗ್ತದವಾ,” ಎಂದೆ. ಎಲ್ಲಿ ಸಿಗುತ್ತದೆಂದು ನನಗೂ ಗೊತ್ತಿರಲಿಲ್ಲ.

ಮೇಲಿನ ಕಾಳು

ಮೊದಲು ಊರಿನಲ್ಲೇ ಇರುವ ಒಂದು ಖಾಸಗಿ ಕಾಲೇಜಿಗೆ ಹೋದೆವು. ಗೇಟಿನ ಮೇಲೆ ದೊಡ್ಡ ಫ್ಲೆಕ್ಸು. ಅದರ ತುಂಬ ರ‍್ಯಾಂಕ್ ಬಂದವರ ಫೋಟೋ. ಒಳಗೆ ಅಡ್ಮಿಷನ್ ಟೇಬಲ್ಲಿನ ಹಿಂದೆ ಟೈ ಕಟ್ಟಿಕೊಂಡ ಯುವಕನೊಬ್ಬ ಕೂತಿದ್ದ. “ನಮ್ಮ ರಿಸಲ್ಟ್ ನೋಡಿದ್ರೇನ್ರಿ?” ಎಂದು ಅದೇ ಫ್ಲೆಕ್ಸಿನ ಸಣ್ಣ ಪ್ರತಿಯನ್ನು ಮುಂದೆ ಇಟ್ಟ.

ತೂಕದವರು ಒಂದೊಂದೇ ಮುಖ ನೋಡಿ ಕಾಗದ ತಿರುಗಿ ಕೊಟ್ಟರು. “ಇವು ಮ್ಯಾಲಿನ ಕಾಳ್ರಿ. ನಡುವಿನ ಕಾಳ ತೋರಸ್ರಿ.”

ಯುವಕ ನನ್ನ ಕಡೆ ನೋಡಿದ. ನಾನೇ ಬಿಡಿಸಿ ಹೇಳಬೇಕಾಯಿತು. ಗಂಜಿನಲ್ಲಿ ಯಾವ ಚೀಲದ ಬಾಯಿ ಬಿಚ್ಚಿದರೂ ಮೇಲೆ ದಪ್ಪ ಕಾಳೇ ಇರುತ್ತದೆ. ಅದನ್ನು ಯಾರೂ ನಂಬುವುದಿಲ್ಲ. ಮೊನಚಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ನಡುವಿನ ಕಾಳು ಅಂಗೈಗೆ ಸುರಿದುಕೊಂಡು ನೋಡಿದ ಮೇಲೆಯೇ ರೇಟಿನ ಮಾತು.

“ಅಂದ್ರ, ರ‍್ಯಾಂಕೂ ಬಂದಿಲ್ಲ, ಫೇಲೂ ಆಗಿಲ್ಲ, ಅಂಥವ್ರು ಒಬ್ರನ್ನ ಕರೀರಿ,” ಎಂದರು ತೂಕದವರು.

ಯುವಕ ಟೈ ಸಡಿಲ ಮಾಡಿಕೊಂಡ. “ನಾನೇ ಇದ್ದೇನ್ರಿ. ಇಲ್ಲೇ ಓದಿದೆ. ಸೆಕೆಂಡ್ ಕ್ಲಾಸ್.”

“ಹೌದೇನಪಾ! ಈಗ ಎಲ್ಲಿ ಕೆಲಸ?”

“ಇಲ್ಲೇ ರೀ. ಅಡ್ಮಿಷನ್ ನೋಡ್ಕೋತೇನಿ.”

“ಪಗಾರ?”

ಯುವಕ ಅತ್ತಿತ್ತ ನೋಡಿ ತೂಕದವರ ಕಿವಿಯಲ್ಲಿ ಹೇಳಿದ. ಅವರು ಫೀಸಿನ ಕಾಗದ ಒಮ್ಮೆ ನೋಡಿದರು, ಅವನ ಮುಖ ಒಮ್ಮೆ ನೋಡಿದರು. ಬೆನ್ನು ತಟ್ಟಿ ಎದ್ದರು. ಹೊರಗೆ ಬಂದ ಮೇಲೆ ಹೇಳಿದರು:

“ಸಾಹೇಬ್ರ, ಇವ್ರು ಕೊಡೋ ಪಗಾರದಾಗ ಇವ್ರದೇ ಫೀಸು ತುಂಬಲಿಕ್ಕ ಆಗಂಗಿಲ್ರಿ.”

ಕ್ರೀಡಾ ಶುಲ್ಕ

ಎರಡನೆಯದು ಭಾಲ್ಕಿ ಕಡೆಯ ಕಾಲೇಜು. ಫೀಸು ಕಡಿಮೆ. ಮಗಳ ಮುಖ ಅರಳಿತು, ನನಗೂ ಧೈರ್ಯ ಬಂತು. ಆದರೆ ಅಲ್ಲಿಯ ಗುಮಾಸ್ತರು ಫೀಸಿನ ಕೆಳಗೆ ಇನ್ನೂ ಒಂದಿಷ್ಟು ಓದಿದರು. ಲೈಬ್ರರಿ, ಲ್ಯಾಬು, ಕ್ರೀಡೆ, ಐಡಿ ಕಾರ್ಡು. ನಾನೂ ಗುಮಾಸ್ತನೇ. ಕೆಳಗಿನ ಸಾಲು ಬಂದಾಗ ಗುಮಾಸ್ತರ ದನಿ ಹೇಗೆ ಇಳಿಯುತ್ತದೆಂದು ನನಗೆ ಗೊತ್ತು.

“ಒಂದೊಂದ ತೋರಿಸ್ಕೊಂತ ಬರ್ರಿ,” ಎಂದರು ತೂಕದವರು.

ಲ್ಯಾಬಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ತಕ್ಕಡಿ ಇತ್ತು. ಅದನ್ನು ಕಂಡದ್ದೇ ನಮ್ಮವರಿಗೆ ಉಳಿದದ್ದೆಲ್ಲ ಮರೆತುಹೋಯಿತು. ಬಗ್ಗಿ ನೋಡಿದರು, ತಟ್ಟೆಯ ಮೇಲಿನ ಧೂಳು ಊದಿದರು, ಒಂದು ತಿರುಪು ತಿರುಗಿಸಿದರು. ಮುಳ್ಳು ನಡುವಿಗೆ ಬಂದು ನಿಂತಿತು. ಲ್ಯಾಬಿನ ಅಟೆಂಡರು, “ನೀವು ಹೊಸಾ ಕೆಮಿಸ್ಟ್ರಿ ಸರ್ ಏನ್ರಿ?” ಎಂದು ಕೇಳಿದ. ಅಪ್ಪ ನಾಚಿದ್ದನ್ನು ಮಗಳು ಅವತ್ತೇ ಮೊದಲು ನೋಡಿರಬೇಕು.

“ಆಟದ ಬಯಲು ಎಲ್ಲದ?” ಎಂದು ಆಮೇಲೆ ಕೇಳಿದರು. ಗುಮಾಸ್ತರು ಕಿಟಕಿಯಿಂದ ಹಿತ್ತಲ ಕಡೆ ಕೈ ತೋರಿಸಿ, ಫೋನು ಬಂದವರಂತೆ ಒಳಗೆ ಹೋದರು. ನಾವು ಹಿಂದೆ ಹೋಗಿ ನೋಡಿದೆವು. ಬಯಲಿನ ತುಂಬ ಸಾಲುಸಾಲಾಗಿ ಸೋಯಾ. ಮೊಣಕಾಲೆತ್ತರ ಎದ್ದು ನಿಂತಿತ್ತು.

“ಕಮಿಟಿಯವ್ರು ಬಿತ್ತ್ಯಾರ್ರಿ. ಕೊಯ್ದು ರಾಶಿ ಆದ ಮ್ಯಾಲ ಆಟ,” ಎಂದ ಕಾವಲುಗಾರ.

ತೂಕದವರಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಅವರು ಕುಕ್ಕರಗಾಲಲ್ಲಿ ಕೂತು ಒಂದು ಸಸಿ ಮುಟ್ಟಿ ನೋಡಿದರು.

“ಆಟ ಈ ವರ್ಷ ಭಾಳ ಛಲೋ ಎದ್ದದ. ರಾಶಿ ಆದ್ರ ಗಂಜಿಗಿ ತರ್ಲಿಕ್ಕ ಹೇಳ್ರಿ, ನಾನೇ ತೂಗಿ ಕೊಡ್ತೇನಿ.”

ಫುಕಟ್ ಟಿಕೆಟ್

ಅಲ್ಲಿಂದ ಮೂವರೂ ಬೀದರದ ಬಸ್ಸು ಹತ್ತಿದೆವು. ಪಂಚಮಿಗೆ ಐದೇ ದಿನ ಉಳಿದಿತ್ತು. ಕಂಡಕ್ಟರ್ ಬಂದು ಮಗಳಿಗೆ ಹೆಂಗಸರ ಫುಕಟ್ ಟಿಕೆಟ್ ಹರಿದು ಕೊಟ್ಟ. ನಮ್ಮಿಬ್ಬರದಕ್ಕೆ ದುಡ್ಡು ಕೇಳಿದ. ನಾನು ಜೇಬಿಗೆ ಕೈ ಹಾಕುವಷ್ಟರಲ್ಲಿ ತೂಕದವರು ಕೊಟ್ಟುಬಿಟ್ಟರು.

“ನೀ ಒಬ್ಬಾಕಿನ ಬಂದಿದ್ರ ಜಿಲ್ಲಾ ಎಲ್ಲಾ ಫುಕಟ್ ನೋಡ್ತಿದ್ದಿ,” ಎಂದರು ಮಗಳಿಗೆ.

“ಮೊದಲನೇ ದಿನಾನೇ ಹೇಳಿನಲ್ಲಾ ಅಪ್ಪಾ. ತಿಳಿದವ್ರು ಜೋಡಿ ಇರ್ಬೇಕು ಅಂತ ನೀನೇ ಕಾಕಾರನ್ನ ಕರ್ಕೊಂಡಿ.”

ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಸ್ವಲ್ಪ ಹೊತ್ತಿನ ಮೇಲೆ ತೂಕದವರು ನನ್ನ ಕೈ ಹಿಡಿದುಕೊಂಡು ಬಹಳ ಮರ್ಯಾದೆಯಿಂದ ಹೇಳಿದರು:

“ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ನಾಳಿಗಿ ಔರಾದಿನ ಕಾಲೇಜಿಗಿ ಅಕಿ ಒಬ್ಬಾಕಿನ ಹೋಗ್ಲಿ. ನಿಮ್ಮ ಸಲಹಾಕ್ಕ ಟಿಕೆಟ್ ಬೀಳ್ತದ್ರಿ.”

ಅತ್ತೆಯ ತಪಾಸಣೆ

ಔರಾದ ಕಡೆ ಒಂದು ಸರ್ಕಾರಿ ಕಾಲೇಜು ಇತ್ತು. ಫೀಸು ತೂಕದವರ ಕೈಗೆ ಎಟುಕುವಂಥದ್ದು. ಆದರೆ ದಿನಾ ಬೀದರದಿಂದ ಹೋಗಿ ಬರುವುದು ಕಷ್ಟ. ಇರುವುದಾದರೆ ಅತ್ತೆಯ ಮನೆಯಲ್ಲೇ ಇರಬೇಕು. ಆ ಅತ್ತೆಯೇ ಲಗ್ನದ ಕಡೆ.

ಮುಂದಿನದನ್ನು ನಾನು ನೋಡಲಿಲ್ಲ, ಹುಡುಗಿ ಬಂದು ಹೇಳಿದಳು. ಅತ್ತೆ ಬಾಗಿಲಲ್ಲೇ, “ನಡಿ, ಆ ಕಾಲೇಜಿನಾಗ ಏನೇನು ಇಲ್ಲ ಅಂತ ನಾನೇ ತೋರಿಸ್ತೇನಿ,” ಎಂದು ಸೆರಗು ಸಿಕ್ಕಿಸಿಕೊಂಡು ಹೊರಟರಂತೆ.

ಹೋದವರೇ ನಳ ತಿರುಗಿಸಿದರು, ನೀರು ಬಂತು. ಹೆಣ್ಣುಮಕ್ಕಳ ಪಾಯಖಾನೆಯ ಚಿಲಕ ಹಾಕಿ ನೋಡಿದರು, ಬಿತ್ತು. ಕ್ಲಾಸಿನ ಕಿಟಕಿಯಲ್ಲಿ ಹಣಕಿದರು, ಪಾಠ ನಡೆದಿತ್ತು. ಫೀಸು ಎಷ್ಟೆಂದು ಮೂರು ಸಲ ಕೇಳಿದರು, ಆಫೀಸಿನವರು ಮೂರು ಸಲವೂ ಅಷ್ಟೇ ಹೇಳಿದರು. ಅತ್ತೆಗೆ ತಲೆ ಕೆಟ್ಟುಹೋಯಿತು. ಕಡೆಗೆ ಪ್ರಿನ್ಸಿಪಾಲ್ ಮೇಡಂ ಕೋಣೆಗೆ ನುಗ್ಗಿ, “ನಿಮ್ಮ ಗ್ವಾಡಿ ಬಣ್ಣ ಛಲೋ ಇಲ್ರಿ,” ಎಂದರು.

ಮೇಡಂ ನಕ್ಕು ಕುರ್ಚಿ ಕೊಟ್ಟರಂತೆ. “ಇನ್‌ಸ್ಪೆಕ್ಷನ್ನಿಗಿ ಬರೋರೂ ಇಷ್ಟು ನೋಡಂಗಿಲ್ರಿ. ನೀವು ಎಷ್ಟು ಓದೀರಿ?”

ಅತ್ತೆ ಸಿಕ್ಕಿಸಿದ ಸೆರಗು ಬಿಚ್ಚಿ ಕುರ್ಚಿಯಲ್ಲಿ ಕೂತರು. “ಪಿಯುಸಿ ಪಾಸ್ ಆಗೇನ್ರಿ. ಆಮ್ಯಾಲ ಲಗ್ನ ಮಾಡಿದ್ರು.”

“ಮಾರ್ಕ್ಸ್ ಕಾರ್ಡ್ ಅದೇನ್ರಿ?”

“ಟ್ರಂಕಿನಾಗ ಅದ್ರಿ.”

“ಹಂಗಾದ್ರ ಬಿ.ಎ. ಫಾರ್ಮು ನಿಮಗೂ ಒಂದು ಕೊಡ್ತೇನಿ, ತಗೋರಿ.”

“ಕಾಕಾ, ಆ ಟ್ರಂಕಿನ ಕೀಲಿ ಅತ್ತಿ ಕೊಳ್ಳಾಗೇ ಇತ್ತು,” ಎಂದಳು ಹುಡುಗಿ. “ಅಷ್ಟು ವರ್ಷ ಅದರಾಗ ಬಂಗಾರ ಅದ ಅಂತ ನಾವು ತಿಳ್ಕೊಂಡಿದ್ದೆವು.”

ಅದನ್ನು ಕೇಳಿ ನನ್ನ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ. ಅವತ್ತೇ ಎರಡು ಅಡ್ಮಿಷನ್ ಆದವು. ಹುಡುಗಿಗೆ ಬಿ.ಎಸ್ಸಿ., ಅತ್ತೆಗೆ ಬಿ.ಎ. ಇಬ್ಬರಿಗೂ ಮನೆ ಒಂದೇ, ಬುತ್ತಿಯೂ ಒಂದೇ. ಮಧ್ಯಾಹ್ನದ ರೊಟ್ಟಿ ಬಡಿಯುವುದನ್ನು ಅತ್ತೆಯ ಗಂಡ, ಕಿರಾಣಿ ಅಂಗಡಿಯ ಮಾವ, ಕಲಿಯುತ್ತಿದ್ದಾರೆಂದು ಸುದ್ದಿ.

ಆದರೆ ಈ ಗಡಿಬಿಡಿಯಲ್ಲಿ ಕಮಲನಗರದವರಿಗೆ ತಿಳಿಸುವುದು ಎಲ್ಲರಿಗೂ ಮರೆತುಹೋಗಿತ್ತು. ಪಂಚಮಿ ಮುಗಿದ ನಾಲ್ಕನೇ ದಿನ ನಾನು ತೂಕದವರ ಮನೆಯಲ್ಲಿ ಶೇಂಗಾ ಉಂಡಿ ತಿನ್ನುತ್ತಿದ್ದಾಗ ವರನ ಅಪ್ಪನ ಫೋನು ಬಂತು. ತೂಕದವರು ಸ್ಪೀಕರ್ ಹಾಕಿದರು.

“ಹುಡುಗಿ ನೋಡ್ಲಿಕ್ಕ ಯಾವಾಗ ಬರ್ಬೇಕ್ರಿ?”

“ಹುಡುಗಿ ಕಾಲೇಜಿಗಿ ಹೋಗ್ಯಾಳ್ರಿ.”

ಆ ಕಡೆ ದನಿ ಏರಿತು. “ಇದ್ಯಾವ ಮಾತ್ರಿ? ನಮಗ ಮಾತು ಕೊಟ್ಟಾಕಿ ನಿಮ್ಮ ಅಕ್ಕ. ಔರಾದಿಗಿ ಫೋನ್ ಹಚ್ಚಿದ್ರ ಅಕಿ ಎತ್ತವಲ್ಲಳು. ಎಲ್ಲಿ ಹೋಗ್ಯಾಳ ಆ ಹಿರೇ ಮನಿಶಾಳು?”

ತೂಕದವರು ಗೋಡೆಯ ಗಡಿಯಾರ ನೋಡಿದರು. ಹನ್ನೊಂದೂವರೆ.

“ಅಕಿ ಒಂದು ಗಂಟಿ ತನಕ ಕ್ಲಾಸಿನಾಗ ಇರ್ತಾಳ್ರಿ.”